ನಾಲ್ಕು ಹೆಜ್ಜೆ ಆಚೆ ಹೋಗಿ ಬಟನ್ ಒತ್ತಿ

ಮೂರು ಗಾಡಿ, ಹನ್ನೊಂದು ಜನ, ಐದು ದಿನದ ಬೆಟ್ಟದ ದಾರಿ. ಮೊಬೈಲ್ ಸಿಗ್ನಲ್ ಇರಲ್ಲ ಅಂತ ಗೊತ್ತಿದ್ದರಿಂದ 5 ವ್ಯಾಟ್‌ನ ನಾಲ್ಕು ವಾಕಿ-ಟಾಕಿ ಇಟ್ಟುಕೊಂಡಿದ್ದೆವು. ಲೈಸೆನ್ಸ್ ಬೇಕಾ ಅಂತ ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ, ಒಂದೊಂದು ದೇಶದ್ದು ಒಂದೊಂದು ನಿಯಮ. ನಾವು ಅದನ್ನೇನೋ ವಿಚಾರಿಸಿದ್ದೆವು. ಸೆಟ್ಟನ್ನು ಯಾವುದರ ಪಕ್ಕ ಹಿಡಿಯಬಾರದು ಅಂತ ಮಾತ್ರ ಯೋಚಿಸಿರಲಿಲ್ಲ.

ಎರಡನೇ ರಾತ್ರಿ ಎತ್ತರದ ಜಾಗದಲ್ಲಿದ್ದೆವು. ಒಬ್ಬೊಬ್ಬರ ಬೆರಳಿಗೂ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿ ನೋಡುತ್ತಿದ್ದೆವು. ಚಿಕ್ಕಪ್ಪನದು 91. ಅವರ ಪಕ್ಕದಲ್ಲೇ ಕೂತಿದ್ದ ನಾನು, ಹಿಂದೆ ಉಳಿದ ಗಾಡಿಯವರನ್ನು "ಎಲ್ಲಿದ್ದೀರಾ?" ಅಂತ ಕೇಳಲು ವಾಕಿ-ಟಾಕಿಯ ಬಟನ್ ಒತ್ತಿದೆ. 91 ಹೋಗಿ 74 ಆಯ್ತು, ಆಮೇಲೆ ಬರೀ ಎರಡು ಗೆರೆ. ಬಟನ್ ಬಿಟ್ಟೆ, ಮತ್ತೆ 91. ನನ್ನ ಬುದ್ಧಿ ನೋಡಿ, ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಒತ್ತಿದೆ. ಮತ್ತೆ ಗೆರೆ.

"ಅದು ಹಾಳಾಗ್ಲಿ ಕಣೋ, ನನ್ನ ಎದೇಲಿರೋದರ ಗತಿ ಏನು?" ಅಂದರು ಚಿಕ್ಕಪ್ಪ. ಅವರಿಗೆ ಹೃದಯಬಡಿತ ಸರಿಯಾಗಿಡುವ ಪೇಸ್‌ಮೇಕರ್ ಇದೆ!

ಅವರಿಗೇನೂ ಆಗಲಿಲ್ಲ. ಆದರೆ ಆ ರಾತ್ರಿ ಅವರ ಪೇಸ್‌ಮೇಕರ್ ಕೈಪಿಡಿ ತೆಗೆದು ಓದಿದೆವು. 3 ವ್ಯಾಟ್‌ವರೆಗಿನ ಸೆಟ್ಟಾದರೆ 15 ಸೆಂಟಿಮೀಟರ್, 3ರಿಂದ 15 ವ್ಯಾಟ್‌ವರೆಗಿನದಾದರೆ 30 ಸೆಂಟಿಮೀಟರ್ ದೂರ ಇಡಿ ಅಂತಿತ್ತು. ನಿಮ್ಮ ಜೊತೆ ಬರುವವರಿಗೆ ಎಷ್ಟು ದೂರ ಅಂತ ಅವರ ಡಾಕ್ಟರನ್ನೇ ಕೇಳಿ. ನಾವು ಸೆಟ್ಟನ್ನು ಎದೆಯ ಮೇಲಿನ ಪೌಚ್‌ನಲ್ಲಿ ನೇತುಹಾಕಿಕೊಳ್ಳುತ್ತೇವಲ್ಲ, ಪೇಸ್‌ಮೇಕರ್ ಇರುವುದೂ ಅಲ್ಲೇ. ಮರುದಿನದಿಂದ ಚಿಕ್ಕಪ್ಪನ ಕೈಗೆ ಸೆಟ್ ಕೊಡಲಿಲ್ಲ, ಗಾಡಿಯಲ್ಲಿ ಅವರ ಪಕ್ಕ ಕೂರುವವರಿಗೂ ಕೊಡಲಿಲ್ಲ.

ಹೀಗೇಕೆ ಆಗುತ್ತೆ? ಸೆಟ್ ಸುಮ್ನೆ ಕೇಳಿಸಿಕೊಳ್ಳುತ್ತಿದ್ದಾಗ ತೊಂದರೆ ಇಲ್ಲವೆನ್ನುವಷ್ಟೇ. ಬಟನ್ ಒತ್ತಿದ ಕ್ಷಣ ಅದು ಪ್ರಸಾರ ಮಾಡುತ್ತೆ, ಆಗ ಹತ್ತಿರದ ಯಾವುದೇ ವೈರ್ ಆಂಟೆನಾ ಥರ ಆಗಿಬಿಡುತ್ತೆ. ನಮ್ಮಂಥ ಸೆಟ್ ಕಳಿಸುವ 150 ಮೆಗಾಹರ್ಟ್ಸ್ ಅಲೆಯ ಉದ್ದ 2 ಮೀಟರ್, ಅದರ ಕಾಲು ಭಾಗ 50 ಸೆಂಟಿಮೀಟರ್. ಅಷ್ಟುದ್ದದ ವೈರ್ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತೆ. ನಮ್ಮ ಕ್ಯಾಮೆರಾದ ಮೈಕ್ ವೈರೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಮೂರನೇ ದಿನದ ಸೂರ್ಯೋದಯದ ವಿಡಿಯೋ ತುಂಬಾ "ಗುರ್ ಗುರ್" ಅಂತ ಸದ್ದು ಕೇಳುತ್ತಿರುವುದು ಅದಕ್ಕೇ.

ಸಮಾಧಾನದ ವಿಷಯ ಅಂದ್ರೆ ದೂರ ಹೋದಂತೆ ಇದರ ಜೋರು ಬೇಗ ಇಳಿಯುತ್ತೆ. ಈ ಜೋರನ್ನು ಮೀಟರಿಗೆ ಇಷ್ಟು ವೋಲ್ಟ್ ಅಂತ ಅಳೆಯುತ್ತಾರೆ. 5 ವ್ಯಾಟ್ ಸೆಟ್‌ನಿಂದ 1 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 15 ವೋಲ್ಟ್ ಇದ್ದರೆ, 2 ಮೀಟರ್‌ನಲ್ಲಿ ಅದರರ್ಧ, 5 ಮೀಟರ್‌ನಲ್ಲಿ 3. ಹಳೆಯ ವೈದ್ಯಕೀಯ ಉಪಕರಣಗಳಲ್ಲಿ ಎಷ್ಟೋ ಆ 3 ವೋಲ್ಟ್ ತಡೆಯುವಷ್ಟಕ್ಕೇ ಪರೀಕ್ಷೆ ಪಾಸಾದವು. ಹಾಗಾಗಿ ಉಪಕರಣದ ಪಕ್ಕ ಇದ್ದರೆ ಎದ್ದು ಹೊರಗೆ ಹೋಗಿ ಮಾತಾಡಿ. ಗಾಡಿಗಳು ಹತ್ತಿರ ಹತ್ತಿರ ಇದ್ದರೆ ಸೆಟ್ಟನ್ನು ಲೋ ಪವರ್‌ಗೆ ಹಾಕಿ, ಬ್ಯಾಟರಿಯೂ ಉಳಿಯುತ್ತೆ.

ದಾರಿಯಲ್ಲಿ ಬಂಡೆ ಸಿಡಿಸುವ ಜಾಗ ಸಿಕ್ಕಿತು. "ರೇಡಿಯೋ ಆಫ್ ಮಾಡಿ" ಅಂತ ಬೋರ್ಡಿತ್ತು. ಇಂಥ ಕಡೆ ಬಟನ್ ಒತ್ತದೇ ಇದ್ದರೆ ಸಾಲದು, ಸೆಟ್ ಪೂರ್ತಿ ಆಫ್ ಆಗಬೇಕು. ಸಿಡಿಮದ್ದು ಹೊತ್ತಿಸುವ ಎಲೆಕ್ಟ್ರಿಕ್ ಡಿಟೋನೇಟರಿನ ವೈರೂ ಆಂಟೆನಾ ಆಗಬಹುದು ಅಲ್ವಾ? ಕೆಲವು ಡಿಜಿಟಲ್ ಸೆಟ್‌ಗಳು ನಾವಿರುವ ಜಾಗವನ್ನು ತಾವೇ ಕಳಿಸುತ್ತಿರುತ್ತವೆ. ವಾಕ್ಸ್ (ದನಿ ಕೇಳಿದೊಡನೆ ಬಟನ್ ಒತ್ತದೆಯೇ ಪ್ರಸಾರ ಮಾಡುವ ಸೌಲಭ್ಯ) ಆನ್ ಇದ್ದರಂತೂ ಕೆಮ್ಮಿದರೂ ಸಾಕು, ಪ್ರಸಾರ ಶುರು. ಪೆಟ್ರೋಲ್ ಬಂಕ್‌ನಲ್ಲೂ ಆಫ್ ಮಾಡಿ, ಅಲ್ಲಿ ಬ್ಯಾಟರಿ ಬಿಚ್ಚಿ ಹಾಕಲು ಹೋಗಬೇಡಿ, ಕಿಡಿ ಹಾರಬಹುದು.

ವಿಮಾನದಲ್ಲಿ ಹೋಗುವುದಾದರೆ ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ತುದಿಗಳಿಗೆ ಟೇಪ್ ಅಂಟಿಸಿ. ಸೆಟ್ಟನ್ನು ಆಫ್ ಮಾಡದೆ ಯಾವ ಬ್ಯಾಗಿಗೂ ತುರುಕಬೇಡಿ. ಕೊನೆಯ ದಿನ ನಮ್ಮದೊಂದು ಸೆಟ್ ಯಾರು ಕರೆದರೂ ಉತ್ತರ ಕೊಡಲಿಲ್ಲ. ಬ್ಯಾಗ್ ತೆಗೆದು ನೋಡಿದರೆ ಟಾರ್ಚ್ ಅದರ ಬಟನ್ ಮೇಲೇ ಕೂತಿತ್ತು. ಸೆಟ್ ಬಿಸಿ, ಬ್ಯಾಟರಿ ಖಾಲಿ, ಅದಕ್ಕೆ ಒತ್ತಿಕೊಂಡೇ ಚಿಕ್ಕಪ್ಪನ ಆಕ್ಸಿಮೀಟರ್.