ಮೂಡಗಾಳಿ ತಿರುಗಿದ ದಿನ

ಜಪಾನಿನ ದಕ್ಷಿಣದ ನಗರ ಕಾಗೋಶಿಮಾದಲ್ಲಿ ಬೇಸಿಗೆಯ ಬೆಳಗ್ಗೆ ಮೊದಲು ವಿಚಾರಿಸುವುದು ಗಾಳಿಯನ್ನು. ಟಿವಿಯಲ್ಲಿ ಮಳೆ, ಸೆಕೆಯ ಸುದ್ದಿ ಮುಗಿದ ಮೇಲೆ ಎದುರಿನ ದ್ವೀಪದ ಜ್ವಾಲಾಮುಖಿ ಸಕುರಾಜಿಮಾದ ನೆತ್ತಿಯಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ಬೇರೆಯಾಗಿಯೇ ಹೇಳುತ್ತಾರೆ. ಚಳಿಗಾಲದಲ್ಲಿ ವಾಯವ್ಯದ ಗಾಳಿ ಅದರ ಬೂದಿಯನ್ನು ಆಚೆಯ ಓಸುಮಿ ಪರ್ಯಾಯದ್ವೀಪದ ಕಡೆಗೆ ಒಯ್ಯುತ್ತದೆ. ಬೇಸಿಗೆಯಲ್ಲಿ ಮೂಡಗಾಳಿ ತಿರುಗಿತೆಂದರೆ ಅದು ನಗರದ ಪಾಲು. ನಡುವೆ ಇರುವುದು ಕೊಲ್ಲಿಯ ನೀರು, ಸುಮಾರು 4 ಕಿಲೋಮೀಟರ್, ಅಷ್ಟೇ.

ಬೂದಿ ಎಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ಒಲೆಯ ಬೂದಿ: ಮೆತ್ತಗೆ, ಹಗುರ, ಪಾತ್ರೆ ಬೆಳಗಲು ಒಳ್ಳೆಯದು. ಅದೇ ಲೆಕ್ಕದಲ್ಲಿ ಇಲ್ಲಿ ಬಟ್ಟೆ ಹಿಡಿದು ಒರೆಸಲು ಹೋದರೆ ಕಾರಿನ ಗಾಜಿನ ತುಂಬ ಗೀರು. ಇದು ಸುಟ್ಟು ಉಳಿದ ಬೂದಿಯಲ್ಲ, ಕಲ್ಲು ಮತ್ತು ಗಾಜಿನ ಪುಡಿ. ಶಿಲಾಪಾಕದಲ್ಲಿ, ಅಂದರೆ ನೆಲದೊಳಗಿನ ಕುದಿಯುವ ಕಲ್ಲಿನ ರಸದಲ್ಲಿ, ಕರಗಿದ್ದ ಅನಿಲ ಒಮ್ಮೆಗೇ ಹಿಗ್ಗಿ ಅದನ್ನು ಚೂರು ಮಾಡುತ್ತದೆ. 2 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೆಲ್ಲ ಬೂದಿ ಎಂದೇ ಹೆಸರು. ಚೂರಿಗೆ ಅಂಚುಂಟು. ನೀರಲ್ಲಿ ಕರಗದೆ ತಳ ಹಿಡಿಯುತ್ತದೆ. ಮುಂದಿನ ಕೆಲಸವೆಲ್ಲ ಈ ಗುಣ ನೋಡಿಕೊಂಡೇ ಮಾಡಬೇಕು.

ಹವಾಮಾನ ಇಲಾಖೆ ಬೂದಿಮಳೆಯನ್ನು ಮೂರು ಹಂತದಲ್ಲಿ ಹೇಳುತ್ತದೆ. 0.1 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಿಟಕಿ ಮುಚ್ಚಿದರೆ ಸಾಕು. 0.1ರಿಂದ 1 ಮಿಲಿಮೀಟರ್ ಎಂದರೆ ರಸ್ತೆಯ ಬಿಳಿಗೆರೆ ಮಸುಕು, ಗಾಡಿ ನಿಧಾನ. 1 ಮಿಲಿಮೀಟರ್ ದಾಟಿದರೆ ಮನೆಯಲ್ಲೇ ಇರಬೇಕು. ಸೂಚನೆ ಬಂದ ಕೂಡಲೇ ಒಣಹಾಕಿದ ಬಟ್ಟೆ ಒಳಗೆ, ಕಿಟಕಿಯ ಸಂದಿಗೆ ಒದ್ದೆ ಬಟ್ಟೆ, ಹೊರಗಾಳಿ ಎಳೆಯುವ ಫ್ಯಾನ್ ಬಂದ್. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಬೇಕು. ಲೆನ್ಸಿನ ಅಡಿಗೆ ಒಂದು ಚೂರು ಸೇರಿದರೂ ಕಣ್ಣುಗುಡ್ಡೆ ಗೀರುತ್ತದೆ. ಕಣ್ಣು ಉಜ್ಜಬಾರದು, ನೀರಿನಲ್ಲಿ ತೊಳೆಯಬೇಕು.

ಗುಡಿಸುವುದು ಬೂದಿ ಬೀಳುವುದು ನಿಂತ ಮೇಲೆ, ಆದರೆ ಮಳೆ ಬರುವ ಮೊದಲು. ಲೆಕ್ಕ ಹಾಕಿ ನೋಡಿ: ಒಂದು ಚದರ ಮೀಟರಿನಲ್ಲಿ 1 ಮಿಲಿಮೀಟರ್ ಒಣ ಬೂದಿ ಸುಮಾರು 1 ಕಿಲೋ ತೂಗುತ್ತದೆ. ನೂರು ಚದರ ಮೀಟರಿನ ಮಾಡಿನ ಮೇಲೆ 100 ಕಿಲೋ. ನೆನೆದರೆ ಹತ್ತಿರ ಹತ್ತಿರ ಇಮ್ಮಡಿ. ಒದ್ದೆ ಬೂದಿ ವಿದ್ಯುತ್ತನ್ನೂ ಹರಿಸುತ್ತದೆ. ಕಂಬದ ಪಿಂಗಾಣಿಯ ಮೇಲೆ ಕೂತು ತುಂತುರು ಬಿದ್ದರೆ ಕರೆಂಟು ಹೋಗುವುದು ಹೀಗೆ.

ಮೇಲಿನಿಂದ ಕೆಳಕ್ಕೆ ಬರಬೇಕು: ಮೊದಲು ಮಾಡು, ಆಮೇಲೆ ಬಾಲ್ಕನಿ, ಕೊನೆಗೆ ಅಂಗಳ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್, ಕಣ್ಣಿಗೆ ಗಾಗಲ್, ತುಂಬುತೋಳಿನ ಅಂಗಿ. ಪುಡಿ ಏಳದಂತೆ ಕೈಯಲ್ಲಿ ಚಿಮುಕಿಸುವಷ್ಟೇ ನೀರು. ಹೊಸಬರು ತಪ್ಪುವುದು ಇಲ್ಲೇ. ಪೈಪು ಹಿಡಿದು ಅಂಗಳ ತೊಳೆಯುತ್ತಾರೆ, ಬೂದಿ ಕೆಸರಾಗಿ ಚರಂಡಿಗಿಳಿದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಆಮೇಲಿನ ಮಳೆಗೆ ಬೀದಿ ಕೆರೆಯಾಗುತ್ತದೆ. ಕಾರಿಗೆ ಮಾತ್ರ ಧಾರಾಳ ನೀರು ಬೇಕು. ಬೂದಿ ಪೂರ್ತಿ ಹರಿದುಹೋಗುವ ತನಕ ವೈಪರ್ ಮುಟ್ಟಬಾರದು.

ಗುಡಿಸಿದ್ದನ್ನು ತುಂಬಲು ನಗರಪಾಲಿಕೆ ಹಳದಿ ಚೀಲ ಕೊಡುತ್ತದೆ. ಹೆಸರು ಕೊಕುಹೈ ಬುಕುರೊ, ಬೂದಿಯನ್ನು ಗೆಲ್ಲುವ ಚೀಲ. ಎಷ್ಟು ಚಂದದ ಹೆಸರು! ಬಾಯಿವರೆಗೆ ತುಂಬಿದರೆ ಎತ್ತಲಾಗದು, ಅರ್ಧಕ್ಕೆ ಕಟ್ಟಿ ಬೀದಿಯ ಗೊತ್ತಾದ ಜಾಗದಲ್ಲಿಡಬೇಕು.

ಇದಿಷ್ಟು ನಗರದ ಪಾಡು. ದ್ವೀಪದವರಿಗೆ ಬೂದಿಗಿಂತ ಕಲ್ಲಿನ ಭಯ. ಶಾಲೆಯ ಮಕ್ಕಳು ಹಳದಿ ಹೆಲ್ಮೆಟ್ ಹಾಕಿಕೊಂಡೇ ನಡೆಯುತ್ತಾರೆ, ರಸ್ತೆಯ ಪಕ್ಕದಲ್ಲಿ ಓಡಿ ಸೇರಿಕೊಳ್ಳಲು ಕಾಂಕ್ರೀಟ್ ಗೂಡುಗಳಿವೆ. 2022ರ ಜುಲೈ 24ರ ರಾತ್ರಿ ಕುಳಿಯಿಂದ ಚಿಮ್ಮಿದ ಕಲ್ಲು 2.5 ಕಿಲೋಮೀಟರ್ ದೂರ ಬಿತ್ತು. ಜ್ವಾಲಾಮುಖಿಯ ಎಚ್ಚರಿಕೆ 3ನೇ ಮಟ್ಟದಿಂದ ನೇರ 5ಕ್ಕೆ, ಅಂದರೆ ಊರು ಬಿಡಿ ಎಂಬ ಮಟ್ಟಕ್ಕೆ, ಏರಿತು. 4ರಲ್ಲಿ ಮುದುಕರನ್ನು ಮೊದಲು ಸಾಗಿಸುವ ಪುರುಸೊತ್ತೇ ಸಿಗಲಿಲ್ಲ. ಅರಿಮುರಾ, ಫುರುಸಾತೊ ಊರುಗಳ 51 ಜನ ಮನೆ ಬಿಟ್ಟರು. ಅದಕ್ಕೇ ಔಷಧಿ, ಟಾರ್ಚು, ರೇಡಿಯೊ, ಕುಡಿಯುವ ನೀರು, ಮಾಸ್ಕ್, ಬ್ಯಾಂಕಿನ ಪುಸ್ತಕ ಇರುವ ಚೀಲ ಬಾಗಿಲ ಬಳಿಯೇ ಇರಬೇಕು, ಅಟ್ಟದಲ್ಲಲ್ಲ. ಔಷಧಿಯ ಅವಧಿಯನ್ನೂ ಆಗಾಗ ನೋಡುತ್ತಿರಬೇಕು.

1914ರ ಜನವರಿ 12ರ ಸ್ಫೋಟದಲ್ಲಿ ಹರಿದ ಲಾವಾ ಜಲಸಂಧಿಯನ್ನು ತುಂಬಿ ದ್ವೀಪವನ್ನು ಓಸುಮಿಗೆ ಬೆಸೆಯಿತು. ದ್ವೀಪದ ಕುರೊಕಾಮಿ ಊರಿನಲ್ಲಿ 3 ಮೀಟರಿನ ದೇಗುಲದ ಹೆಬ್ಬಾಗಿಲು ಬೂದಿ, ಕಲ್ಲಿನಲ್ಲಿ ಹೂತು ಮೇಲೆ 1 ಮೀಟರಿನಷ್ಟೇ ಕಾಣುತ್ತದೆ. ಸ್ಫೋಟಕ್ಕೆ ಮೊದಲು ಭೂಮಿ ನಡುಗಿತ್ತು, ಬಾವಿಯ ನೀರು ಬದಲಾಗಿತ್ತು. ಸಕುರಾಜಿಮಾ ಸಿಡಿಯುವುದಿಲ್ಲ ಎಂಬ ವೀಕ್ಷಣಾಲಯದ ಮಾತು ನಂಬಿ ಉಳಿದವರೂ ಇದ್ದರು. ಹಿಗಾಶಿ ಸಕುರಾಜಿಮಾ ಶಾಲೆಯ ಅಂಗಳದ ಕಲ್ಲಿನಲ್ಲಿ ಆಮೇಲೆ ಕೆತ್ತಿಸಿದ್ದು ಅದನ್ನೇ: ಸಿದ್ಧಾಂತವನ್ನು ನೆಚ್ಚಿ ಕೂರಬೇಡಿ, ವಿಚಿತ್ರ ಕಂಡರೆ ಮೊದಲೇ ಹೊರಡಿ. ಈಗ ಸುರಂಗದೊಳಗಿನ ಮಾಪಕಗಳು ಬೆಟ್ಟದ ಸಣ್ಣ ಉಬ್ಬನ್ನೂ ಹಿಡಿಯುತ್ತವೆ, ಫೆರಿ ಓಡುತ್ತದೆ, ಆಚೆ ದಡಕ್ಕೆ 15 ನಿಮಿಷ. ಆದರೂ ಪ್ರತಿ ವರ್ಷ ಅಭ್ಯಾಸದ ದಿನ ದ್ವೀಪದ ಜನ ಮನೆ ಬಿಟ್ಟು ಹೊರಡುವುದನ್ನು ಮಾಡಿ ನೋಡುತ್ತಾರೆ.