ಬಿಚ್ಚು, ಮತ್ತೆ ಹೊಡಿ

ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಆ ಬೆಳಿಗ್ಗೆ ನಾನು ಬಳ್ಳಾರಿಯ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗುತ್ತೇನೆ. ಪಾಠ ಮಾಡೋಕಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಇವತ್ತೋ ನಾಳೆಯೋ ಶಾಲೆ ಬಿಡುವ ಹಾಗಿರುವ ಕೆಲವು ಹುಡುಗರ ಜೊತೆ ಕೂತು ಮಾತಾಡುತ್ತೇನೆ. "ಇವರಿಗೆ ಓದೋ ಮನಸ್ಸಿಲ್ಲ ಮೇಡಂ, ನೀವಾದ್ರೂ ಬುದ್ಧಿ ಹೇಳ್ರಿ" ಅಂತ ಹೆಡ್‌ಮಾಸ್ಟರು ಮೊದಲ ದಿನ ಹೇಳಿದ್ದರು. ಬುದ್ಧಿ ಹೇಳುವವರಿಗೆ ಆ ಹುಡುಗರ ಸುತ್ತ ಬರವೇನೂ ಇರಲಿಲ್ಲ.

ಅವರಲ್ಲಿ ಒಬ್ಬ ನನ್ನ ಎದುರು ಬಾಯಿ ಬಿಡುತ್ತಲೇ ಇರಲಿಲ್ಲ. ಏನು ಕೇಳಿದರೂ "ಹೂಂ ರೀ" ಅಷ್ಟೇ. ತಡವಾಗಿ ಬರುತ್ತಿದ್ದ, ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಅವನ ಗಣಿತದ ನೋಟ್‌ಬುಕ್ಕಿನ ಹಾಳೆಗಳ ಅಂಚಿನಲ್ಲೆಲ್ಲ ನೀಲಿ ಹೆಬ್ಬೆರಳಿನ ಗುರುತು. ಕೆಳಗೆ ಕೆಂಪು ಪೆನ್ನಿನಲ್ಲಿ "ನೀಟಾಗಿ ಬರೆ" ಅಂತ ಬರೆದಿತ್ತು. ಅದು ಇಂಕಲ್ಲ. ವಾಷಿಂಗ್ ಆಗದ ಡೆನಿಮ್ ಬಟ್ಟೆ ಹಿಡಿದರೆ ಕೈಗೆ ಬಣ್ಣ ಹತ್ತುತ್ತದೆ, ಸೋಪು ಹಾಕಿ ತಿಕ್ಕಿದರೂ ಪೂರ್ತಿ ಹೋಗೋದಿಲ್ಲ. ಬಳ್ಳಾರಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ?

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, "ನಿಮ್ಮ ಮನೆಗೆ ಬರಲೇನಪ್ಪ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಮನ್ಯಾಗ ಯಾರೂ ಇರಲ್ರಿ. ಮಾಮನ ಯೂನಿಟ್ಟಿಗೆ ಬರ್ರಿ" ಅಂದ.

ಬಳ್ಳಾರಿ ಜೀನ್ಸ್ ಅಂದರೆ ಹೊರಗಿನವರಿಗೆ ದೊಡ್ಡ ಫ್ಯಾಕ್ಟರಿ ನೆನಪಾಗಬಹುದು. ಎಷ್ಟೋ ಕೆಲಸ ನಡೆಯೋದು ಗಲ್ಲಿಯೊಳಗಿನ ಮನೆಗಳಲ್ಲಿ. ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಮಾಮನ ಯೂನಿಟ್ಟು ಅಂದರೆ ಒಂದೇ ಉದ್ದನೆಯ ಕೋಣೆ, ಸಾಲಾಗಿ ಮಷಿನುಗಳು, ನೆಲದ ತುಂಬ ದಾರದ ಚೂರು. ಹುಡುಗ ಚಪ್ಪಲಿ ಬಿಟ್ಟವನೇ ಮಷಿನಿಗೆ ಕೂತ. ಪ್ಯಾಂಟಿನ ಸೊಂಟದ ಪಟ್ಟಿಗೆ ಬೆಲ್ಟ್ ಹಾಕುವ ಲೂಪ್ ಕೂಡಿಸುವ ಕೆಲಸ. ಎಡಗೈಯಲ್ಲಿ ಪಟ್ಟಿ ಸರಿಸುತ್ತಾ, ಬಲಗೈಯಲ್ಲಿ ಲೂಪಿನ ತುದಿ ಮಡಚಿ ಸೂಜಿಯ ಕೆಳಗೆ ಕೊಡುತ್ತಿದ್ದ. ಶಾಲೆಯಲ್ಲಿ ಕಣ್ಣು ಮುಚ್ಚುತ್ತಿದ್ದವನು ಇಲ್ಲಿ ರೆಪ್ಪೆ ಬಡಿಯದೆ ಕೂತಿದ್ದ.

ಅಷ್ಟರಲ್ಲಿ ಒಂದು ಲೂಪು ಓರೆಯಾಯಿತು. ಮಾಮ ಬಂದು ನೋಡಿ, ಪ್ಯಾಂಟನ್ನು ಅವನ ತೊಡೆಯ ಮೇಲೆ ಹಾಕಿ, "ಬಿಚ್ಚು, ಮತ್ತೆ ಹೊಡಿ" ಅಂದು ಹೋದ. ಬೈಗುಳ ಇಲ್ಲ. ಹುಡುಗ ಸಣ್ಣ ಕತ್ತರಿ ತಗೊಂಡು ದಾರ ಬಿಡಿಸಿದ, ಲೂಪನ್ನು ನೆಟ್ಟಗೆ ಮಾಡಿದ, ಮತ್ತೆ ಹೊಲಿಗೆ ಹೊಡೆದ. ಮಾಮ ದೂರದಿಂದಲೇ ತಲೆಯಾಡಿಸಿದ. ಅಲ್ಲಿಗೆ ಆ ಪ್ಯಾಂಟು ಬೇರೆ ಪ್ಯಾಂಟುಗಳ ರಾಶಿಗೆ ಸೇರಿತು. ಅದಕ್ಕೂ ಪೂರ್ತಿ ಪೀಸಿನ ಕೂಲಿಯೇ.

ನನಗೆ ತಟ್ಟಿದ್ದು ಇದೇ. ಅವನ ಗಣಿತದ ಟೆಸ್ಟಿನಲ್ಲಿ ಆರು ಲೆಕ್ಕ ತಪ್ಪಿದ್ದವು. ಆರಕ್ಕೂ ಕೆಂಪು ಗೆರೆ. ಮರುದಿನ ಮುಂದಿನ ಪಾಠ. ಆ ಆರನ್ನು ಮತ್ತೆ ಮಾಡು ಅಂತ ಅವನಿಗೆ ಯಾರೂ ಹೇಳಲಿಲ್ಲ. ಮತ್ತೆ ಮಾಡಿದರೂ ಅಂಕ ಬದಲಾಗುತ್ತಿರಲಿಲ್ಲ. ತಪ್ಪು ಸರಿಮಾಡಿಕೊಳ್ಳೋಕೆ ಬಿಡುವ ಜಾಗಕ್ಕೇ ಹುಡುಗರು ಹೋಗುತ್ತಾರೆ, ಇದರಲ್ಲಿ ಆಶ್ಚರ್ಯ ಏನಿದೆ? ಕೈಗೆ ದುಡ್ಡು ಬರುತ್ತದೆ ಅನ್ನೋದೂ ನಿಜ. ಆದರೆ ಬರೀ ದುಡ್ಡಲ್ಲ. ಕಡ್ಡಾಯ ಶಿಕ್ಷಣದ 2009ರ ಕಾಯ್ದೆ 14 ವರ್ಷದವರೆಗೆ ಮಾತ್ರ. 14 ತುಂಬಿದವರಿಗೆ ಅಪಾಯದ ಕೆಲಸವನ್ನಷ್ಟೇ ಕಾನೂನು ತಡೆಯುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗನನ್ನು ಉಳಿಸಿಕೊಳ್ಳಬೇಕಾದದ್ದು ಕಾನೂನಲ್ಲ, ಶಾಲೆಯೇ.

ಗಣಿತದ ಮೇಡಂ ಹತ್ತಿರ ಕೇಳಿಕೊಂಡೆ. ಅದೇ ಆರು ಲೆಕ್ಕ ಮತ್ತೆ ಮಾಡಲಿ, ಸರಿ ಬಂದರೆ ಅಂಕ ಕೊಡಿ. ಅವರಿಗೆ ಮೊದಲು ಮನಸ್ಸಿರಲಿಲ್ಲ. ಅಷ್ಟು ದೊಡ್ಡ ಕ್ಲಾಸು, ಎಲ್ಲರೂ ಕೇಳಿದರೆ ಏನು ಮಾಡೋದು ಅಂದರು. ಅವರ ಕಷ್ಟವೂ ಸುಳ್ಳಲ್ಲ. ಕೊನೆಗೆ ಒಪ್ಪಿದರು. ಹುಡುಗ ನಾಲ್ಕು ಸರಿ ಮಾಡಿದ. ಉಳಿದ ಎರಡನ್ನು ಹಿಡಿದುಕೊಂಡು ತಾನಾಗಿಯೇ ನನ್ನ ಹತ್ತಿರ ಬಂದ. "ಇದು ಯಾಕ್ ಬರವಲ್ದು ನೋಡ್ರಿ ಮೇಡಂ." ಅವನ ಬಾಯಲ್ಲಿ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

ಎಲ್ಲರಿಗೂ ಹೀಗಾಗಲಿಲ್ಲ. ಅದೇ ಗುಂಪಿನ ಇನ್ನೊಬ್ಬ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದ. ಫೋನ್ ಸ್ವಿಚ್ ಆಫ್. ಅವನನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಲೂಪ್ ಹೊಡೆಯುವ ಹುಡುಗನ ಅಮ್ಮ ಒಂದು ಸಲ ಮಾಮನ ಯೂನಿಟ್ಟಿನಲ್ಲೇ ನೇರವಾಗಿ ಕೇಳಿದರು, "ಹತ್ತು ಪಾಸಾದ್ರೆ ಏನ್ ಸಿಗ್ತದ್ರಿ?" ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಮಾಡೋಕೆ ಎಸ್‌ಎಸ್‌ಎಲ್‌ಸಿ ಬೇಕು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಇಲ್ಲಿನವರಿಗೇ. ಎಸ್‌ಎಸ್‌ಎಲ್‌ಸಿಯಲ್ಲೂ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೋದ ಸಬ್ಜೆಕ್ಟನ್ನು ಮತ್ತೆ ಬರೆಯಬಹುದು. ಆದರೆ 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸೋದಿಲ್ಲ.

ಕೊನೆಯ ಮಾತು ಕೇಳಿ ಮಾಮ ಮಷಿನ್ ನಿಲ್ಲಿಸಿ ಎದ್ದು ಬಂದ. ದಸರಾ, ದೀಪಾವಳಿ ಮುಂದೆ ಆರ್ಡರ್ ಜಾಸ್ತಿ, ಹುಡುಗ ಬೇಕೇ ಬೇಕು ಅಂದ. ಶಾಲೆ ಬಿಟ್ಟ ಮೇಲೆ ಒಂದೆರಡು ತಾಸು ಅಂದೆ. "ವಾರದಾಗ ಎರಡು ದಿನ ಆದ್ರೂ ಬಿಡ್ರಿ ಮೇಡಂ" ಅಂತ ಚೌಕಾಸಿಗೆ ಇಳಿದ. ಒಂದು ದಿನವೂ ಆಗೋದಿಲ್ಲ ಅಂದೆ. ಈಗ ಪ್ರತಿ ತಿಂಗಳು ಹಾಜರಿಯ ಲೆಕ್ಕ ಬರೆದುಕೊಂಡು ಹೋಗಿ ಮಾಮನಿಗೆ ತೋರಿಸುತ್ತೇನೆ. ಅವನೂ ಕೂತು ಒಂದೊಂದೇ ದಿನ ಎಣಿಸುತ್ತಾನೆ.