ಝೆನೋಫೋಬ್‌ಗೆ ಕನ್ನಡದಲ್ಲಿ ಏನಂತಾರೆ, ಮೇಷ್ಟ್ರೇ?

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ತಪ್ಪಿಗೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಸಾವಿನ ಮನೆಯಲ್ಲೂ ಕೇಳಿದ್ದಾರೆ. ಇನ್ಮೇಲೆ ಬಾಯಲ್ಲಿ ಹೇಳಲ್ಲ, ಇದನ್ನೇ ಓದಿಕೊಳ್ಳಿ.

ಹೊರದೇಶದವರನ್ನು ಕಂಡರೆ ಆಗದವನು. ಅಷ್ಟೇ. ಒಂದೇ ಪದದಲ್ಲಿ ಬೇಕಂತೆ! ಪದ ಏನು ಅಂಗಡಿಯಲ್ಲಿ ತೂಗಿ ಕೊಡುವ ಸಾಮಾನಾ?

ಕಳೆದ ವರ್ಷ ಬಂಗಾರಪೇಟೆ ಹತ್ತಿರ ಒಂದು ಬೀಗರೂಟ. ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಪಕ್ಕದ ಎಲೆಯವರು ಶುರು ಮಾಡಿದರು. "ಅದು ಹಳೇ ಗ್ರೀಕರ ಪದ ಅಲ್ವಾ ಮೇಷ್ಟ್ರೇ? ಅಂದ್ರೆ ಕಾಯಿಲೆ ಅವರದ್ದು. ನಮ್ಮಲ್ಲಿ ಪದಾನೂ ಇಲ್ಲ, ಕಾಯಿಲೇನೂ ಇಲ್ಲ."

ಎಲ್ಲಾ ತಪ್ಪು. ಮುದ್ದೆ ತಣ್ಣಗಾಯಿತು.

ಗ್ರೀಕರಲ್ಲಿ 'ಕ್ಸೆನೋಸ್' ಅಂದರೆ ಹೊರಗಿನವನು. ಅತಿಥಿಗೂ ಅದೇ ಪದ. 'ಫೋಬೋಸ್' ಅಂದರೆ ಭಯ. ಇವೆರಡನ್ನೂ ಅಂಟಿಸಿದವರು ಹತ್ತೊಂಬತ್ತನೇ ಶತಮಾನದ ಯೂರೋಪಿನವರು. ಇಂಗ್ಲಿಷಿನಲ್ಲಿ 'ಝೆನೋಫೋಬಿಯಾ' ಕಾಣಿಸಿಕೊಂಡದ್ದು 1880ರಲ್ಲಿ. ಅದೇ ವರ್ಷ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿ ಕೆಜಿಎಫ್‌ಗೆ ಬಂತು, ಚಿನ್ನ ತೋಡಲು. ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ.

ಈ ಫೋಬಿಯಾ ಬಾಲ ಮೊದಲು ಇದ್ದದ್ದು ವೈದ್ಯರ ಹತ್ತಿರ. ಹೈಡ್ರೋಫೋಬಿಯಾ ಅಂದರೆ ಹುಚ್ಚುನಾಯಿ ಕಡಿದು ಬರುವ ರೋಗ. ನೀರು ಕಂಡರೆ ಬೆಚ್ಚುತ್ತಾರಲ್ಲ, ಅದು. 1793ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಥಾಮಸ್ ಜೆಫರ್ಸನ್ ಇದನ್ನು ರಾಜಕೀಯಕ್ಕೆ ಎಳೆದ. ಸರ್ಕಾರದಲ್ಲಿ ಮೂವರಿಗೆ 'ಆಂಗ್ಲೋಫೋಬಿಯಾ' ಹಿಡಿದಿದೆ ಅಂತ ಕಾಗದ ಬರೆದ. ಅಲ್ಲಿ ನಿಜಕ್ಕೂ ಭಯವೇ, ಬ್ರಿಟನ್ನಿನ ಭಯ. ಆಮೇಲೆ ಇಂಥ ಪದಗಳಲ್ಲಿ ಭಯ ಸವೆದು ದ್ವೇಷ ಉಳಿಯಿತು. 1900ರಲ್ಲಿ ಚೀನಾದಲ್ಲಿ ಹೊರದೇಶದವರ ವಿರುದ್ಧ ಬಾಕ್ಸರ್ ದಂಗೆ ಎದ್ದಾಗ ಯೂರೋಪಿನವರು ಚೀನೀಯರ ಹಣೆಗೆ ಝೆನೋಫೋಬ್ ಅಂತ ಹಚ್ಚಿದರು. ಬಂದರು ಹಿಡಿದು ಕೂತವರು ಇವರು, ಕಾಯಿಲೆ ಮಾತ್ರ ಮನೆಯವರದ್ದು!

ನಮ್ಮಲ್ಲಿ ಇಲ್ವಾ? 'ಮ್ಲೇಚ್ಛ' ಯಾರ ಪದ? ಅದರಲ್ಲಿ ಭಯಾನೂ ಇಲ್ಲ, ಬರೀ ತಾತ್ಸಾರ.

ಕೇಳಬೇಕಾದ್ದು ಬೇರೆ ಇದೆ. ಬೇರೆ ದೇಶದವನಾದ 'ಪರದೇಶಿ' ನಮ್ಮ ಬಾಯಲ್ಲಿ ದಿಕ್ಕಿಲ್ಲದವನು ಹೇಗಾದ? "ಪಾಪ, ಪರದೇಶಿ, ಒಂದು ತುತ್ತು ಹಾಕು" ಅನ್ನುತ್ತಿದ್ದಳು ನಮ್ಮಜ್ಜಿ. ಅವಳು ಹಚ್ಚಿದ್ದು ಸೀಮೆಎಣ್ಣೆ ದೀಪ, ಹಾಲು ಕರೆದದ್ದು ಸೀಮೆಹಸುವಿನದು, ಹೆಚ್ಚಿದ್ದು ಪರಂಗಿ ಹಣ್ಣು. ಇಲ್ಲೆಲ್ಲ ಸೀಮೆ ಅಂದರೆ ಹೊರದೇಶ, ಪರಂಗಿ ಅಂದರೆ ಬಿಳಿಯ. ಅವಳಿಗೆ ಆಗದೆ ಇದ್ದದ್ದು ಪಕ್ಕದೂರಿನಿಂದ ಬಂದ ಸೊಸೆ ಒಬ್ಬಳೇ.

ಇಷ್ಟನ್ನೂ ಅವತ್ತು ಪಂಕ್ತಿಯಲ್ಲೇ ಹೇಳಿದೆ. ಪಕ್ಕದವರು ಮೂಳೆ ಚೀಪುವುದು ನಿಲ್ಲಿಸಿದರು.

"ನಮ್ಮಪ್ಪ ಗಣೀಲಿದ್ರು. ದೊರೆ ಎದುರಿಗೆ ಬಂದರೆ ಸೈಕಲ್ ಇಳಿದು ನಿಲ್ಲೋರು. ಅದಕ್ಕೇನಂತಾರೆ?"

"ಹೊಟ್ಟೆಪಾಡು" ಅಂದೆ.

ಒಂದೇ ಪದ. ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು.